ಕೂಸು ಹುಟ್ಟುವ ಮುನ್ನ ಕುಲಾವಿ: ಮೊದಲ ಸೀಸನ್ನಿನ ಸ್ಟ್ಯಾಲಿಯನ್ ನಾಮಿನೇಷನ್, ಒಂದು ವಿಮರ್ಶೆ

ಈ ಸರಕಿನ ಕರಾರಿಗೆ ಸಹಿ ಇವತ್ತೇ ಹಾಕಬೇಕು. ಸರಕು ಕಣ್ಣಿಗೆ ಬೀಳುವುದು ಹನ್ನೊಂದು ತಿಂಗಳು ಕಳೆದ ಮೇಲೆ, ನಾಲ್ಕು ಉದ್ದ ಕಾಲಿನ ಮೇಲೆ ತೂರಾಡುತ್ತಾ. ಅದು ಓಡುತ್ತದೋ ಇಲ್ಲವೋ ಎಂದು ತಿಳಿಯಲು ಮತ್ತೆ ಎರಡು ಮೂರು ವರ್ಷ. ಹಿಂದಿರುಗಿಸುವ ಮಾತೇ ಇಲ್ಲ. ಇಷ್ಟಾದರೂ ಪ್ರತಿ ವರ್ಷ ಜನ ಮುಗಿಬಿದ್ದು ಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಯ ಲೋಕದ ಹೊಸ ಸ್ಟ್ಯಾಲಿಯನ್‌ಗಳ ನಾಮಿನೇಷನ್ ಬಗ್ಗೆ. ರೇಸು ಮುಗಿಸಿ ಈಗಷ್ಟೇ ತಳಿ ಬೆಳೆಸುವ ಸ್ಟಡ್ ಫಾರ್ಮಿಗೆ ಬಂದ ಗಂಡು ಕುದುರೆಗೆ ನಿಮ್ಮ ಹೆಣ್ಣು ಕುದುರೆಯನ್ನು ಒಂದು ಸೀಸನ್ ಕೂಡಿಸುವ ಹಕ್ಕು, ಅಷ್ಟೇ.

ಯಾವ ಮೇರ್‌ಗೆ, ಅಂದರೆ ಹೆಣ್ಣು ಕುದುರೆಗೆ, ಯಾವ ಸ್ಟ್ಯಾಲಿಯನ್ ಎಂದು ಪಟ್ಟಿ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರ ಹತ್ತಿರ ಇರುವುದು ಒಂದೋ ಎರಡೋ ಹೆಣ್ಣು ಕುದುರೆ. ದೊಡ್ಡ ಫಾರ್ಮಿನವರಿಗೆ ಒಂದು ಲೆಕ್ಕ ತಪ್ಪಿದರೆ ಇನ್ನೊಂದರಲ್ಲಿ ಸರಿಹೋಗುತ್ತದೆ. ಇವರಿಗೆ ಹಾಗಲ್ಲ, ಒಂದು ಮರಿ ಕೆಟ್ಟರೆ ಆ ವರ್ಷವೇ ಹೋಯಿತು. ಈ ವಿಮರ್ಶೆ ಅಂಥವರಿಗಾಗಿ.

ಮೊದಲು ಒಂದನ್ನು ಇತ್ಯರ್ಥ ಮಾಡಿಕೊಳ್ಳಿ: ಮರಿಯನ್ನು ಹರಾಜಿನಲ್ಲಿ ಮಾರುವವರೋ, ನೀವೇ ಓಡಿಸುವವರೋ? ನನ್ನ ಹತ್ತಿರ ಬಂದವರಿಗೆ ಚಹಾ ಕೊಡುವುದಕ್ಕೂ ಮುಂಚೆ ಕೇಳುವ ಪ್ರಶ್ನೆ ಇದು. ‘ನೋಡೋಣ ಮೇಡಂ, ಮರಿ ಚೆನ್ನಾಗಿದ್ದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಮಾರೋಣ’ ಎನ್ನುವವರು ತುಂಬಾ ಜನ. ಕೊಳ್ಳುವವರಿಗೂ ಕಣ್ಣಿದೆ, ನೀವು ಬೇಡವೆಂದ ಮರಿ ಅವರಿಗೆ ಯಾಕೆ ಬೇಕು?

ಮಾರುವವರಿಗೆ ಮೊದಲ ಸೀಸನ್ನಿನ ಸ್ಟ್ಯಾಲಿಯನ್ ಯಾಕೆ ಒಳ್ಳೆಯ ಮಾಲು ಎನ್ನುವುದು ತಾರೀಖುಗಳನ್ನು ಸಾಲಾಗಿ ಇಟ್ಟರೆ ಗೊತ್ತಾಗುತ್ತದೆ. ಅಮೆರಿಕದ ರೇಸ್ ಕುದುರೆ ಫ್ಲೈಟ್‌ಲೈನ್‌ನನ್ನೇ ತೆಗೆದುಕೊಳ್ಳಿ. ಆರು ಓಟ, ಆರೂ ಗೆಲುವು. 2022ರ ಪೆಸಿಫಿಕ್ ಕ್ಲಾಸಿಕ್‌ನಲ್ಲಿ 19¼ ಲೆಂಗ್ತ್, ಅಂದರೆ ಅಷ್ಟು ಕುದುರೆಯುದ್ದದ ಅಂತರ. ಅದೇ ವರ್ಷ ಬ್ರೀಡರ್ಸ್ ಕಪ್ ಕ್ಲಾಸಿಕ್ ಗೆದ್ದ ಬೆನ್ನಿಗೇ ಕೀನ್‌ಲ್ಯಾಂಡ್ ಹರಾಜಿನಲ್ಲಿ ಅವನ ಶೇಕಡಾ 2.5ರ ಪಾಲೊಂದು 46 ಲಕ್ಷ ಡಾಲರಿಗೆ ಹೋಯಿತು. ಆ ಲೆಕ್ಕ ಹಿಡಿದರೆ ಇಡೀ ಕುದುರೆಗೆ 18.4 ಕೋಟಿ ಡಾಲರ್. 2023ರಲ್ಲಿ ಕೆಂಟಕಿಯ ಲೇನ್ಸ್ ಎಂಡ್ ಫಾರ್ಮಿನಲ್ಲಿ ಮೊದಲ ಸೀಸನ್, ಫೀ 2 ಲಕ್ಷ ಡಾಲರ್. ಮರಿಗಳು ಹುಟ್ಟಿದ್ದು 2024ರಲ್ಲಿ. ಯಿಯರ್ಲಿಂಗ್, ಅಂದರೆ ಒಂದು ವರ್ಷದ ಮರಿಯಾಗಿ ಹರಾಜಿಗೆ ಬಂದದ್ದು 2025ರಲ್ಲಿ. ಉತ್ತರ ಗೋಳಾರ್ಧದ ಥರೋಬ್ರೆಡ್‌ಗಳಿಗೆಲ್ಲ ಜನವರಿ 1ರಂದೇ ಹುಟ್ಟುಹಬ್ಬವಾದ್ದರಿಂದ, ಲೆಕ್ಕದ ಪ್ರಕಾರ ಅವು ಎರಡು ವರ್ಷದವಾಗಿ ರೇಸಿಗೆ ಅರ್ಹವಾದದ್ದು 2026ಕ್ಕೆ. ಅಷ್ಟರಲ್ಲಿ ಮೂರು ಸೀಸನ್ ಮುಗಿದು ನಾಲ್ಕನೆಯದರ ಬುಕಿಂಗ್ ನಡೆದಿರುತ್ತದೆ. ಒಬ್ಬ ಮಗನೂ ಗೇಟಿನಲ್ಲಿ ನಿಲ್ಲುವ ಮುಂಚೆ ನಾಲ್ಕು ಸಲ ಫೀ!

ಮೊದಲ ಸೀಸನ್ನಿನ ಮರಿ ಹರಾಜಿಗೆ ಬರುವ ದಿನ ಅಪ್ಪನ ವಿರುದ್ಧ ಹೇಳಲು ಯಾರ ಬಳಿಯೂ ಏನೂ ಇರುವುದಿಲ್ಲ. ಸಾಕ್ಷಿಯೇ ಇಲ್ಲದ ಕೇಸು. ಕೊಳ್ಳುವವರ ತಲೆಯಲ್ಲಿ ಅಪ್ಪ ಓಡಿದ ವಿಡಿಯೋ ಮಾತ್ರ ಓಡುತ್ತಿರುತ್ತದೆ. ಎರಡನೆಯ ಸೀಸನ್ನಿನ ಮರಿ ಹರಾಜಿಗೆ ಬರುವಾಗ ಮೊದಲ ಬೆಳೆಯ ಮಕ್ಕಳು ಓಡತೊಡಗಿರುತ್ತವೆ, ಪಿಸುಮಾತು ಶುರುವಾಗಿರುತ್ತದೆ. ಮೂರನೆಯದು ಬರುವ ಹೊತ್ತಿಗೆ ತೀರ್ಪು ಬಂದಿರುತ್ತದೆ. ಪರವಾಗಿ ಬಂದಿದ್ದರೆ ನಿಮಗೆ ಹಬ್ಬ. ಇಲ್ಲದಿದ್ದರೆ ಮೇವಿನ ಖರ್ಚೂ ಹುಟ್ಟುವುದಿಲ್ಲ.

ಈ ಕಾರಣಕ್ಕೇ ಫಾರ್ಮ್‌ಗಳು ಮೂರು-ನಾಲ್ಕನೆಯ ಸೀಸನ್ನಿಗೆ ಫೀ ಇಳಿಸುವುದು. ಗನ್ ರನ್ನರ್ 2018ರಲ್ಲಿ ತ್ರೀ ಚಿಮ್ನೀಸ್ ಫಾರ್ಮಿಗೆ ಬಂದಾಗ 70,000 ಡಾಲರ್ ಇದ್ದ, 2021ಕ್ಕೆ 50,000. ಅವನು ಸ್ವತಃ ನಾಲ್ಕನೆಯ ವಯಸ್ಸಿಗೆ ಅರಳಿದ ಕುದುರೆ, 2017ರ ಹಾರ್ಸ್ ಆಫ್ ದಿ ಇಯರ್. ಹಾಗಾಗಿ ಮಕ್ಕಳೂ ತಡವಾಗಿಯೇ ಹಣ್ಣಾಗುತ್ತವೆ ಎನ್ನುವುದು ಮಾರುಕಟ್ಟೆಯ ಲೆಕ್ಕ. 2021ರ ಬೇಸಿಗೆಯಲ್ಲಿ ಮೊದಲ ಬೆಳೆ ಓಡಿತು. ಎಕೋ ಜುಲು ಸೋಲದೆ ಬ್ರೀಡರ್ಸ್ ಕಪ್ ಜುವೆನೈಲ್ ಫಿಲ್ಲೀಸ್ ಗೆದ್ದಳು. ಮೊದಲ ಬೆಳೆಯ ಎರಡು ವರ್ಷದ ಕುದುರೆಗಳ ಗಳಿಕೆಯಲ್ಲಿ ಉತ್ತರ ಅಮೆರಿಕದ ದಾಖಲೆಯೇ ಮುರಿಯಿತು. ಮರುವರ್ಷ ಫೀ 1,25,000. 2021ರ ವಸಂತದಲ್ಲಿ ಐವತ್ತು ಸಾವಿರಕ್ಕೆ ಮೇರ್ ಕಳಿಸಿದವರ ಮರಿಗಳು 2023ರಲ್ಲಿ ಹರಾಜಿಗೆ ಬಂದವು. ಅವರ ಸಂತೋಷವನ್ನು ನೀವೇ ಊಹಿಸಿಕೊಳ್ಳಿ. ಯುರೋಪಿನಲ್ಲಿ ದುಬಾವಿಯದೂ ಅದೇ ದಾರಿ. 2006ರಲ್ಲಿ 25,000 ಪೌಂಡ್ ಇದ್ದವನು 2009ಕ್ಕೆ 15,000ಕ್ಕೆ ಇಳಿದಿದ್ದ. ಮರುವರ್ಷ ಅವನ ಮೊದಲ ಬೆಳೆಯ ಮಾಕ್ಫಿ ‘2000 ಗಿನೀಸ್’ ಎಂಬ ದೊಡ್ಡ ಓಟ ಗೆದ್ದ. ಈಗ ದುಬಾವಿಯ ಫೀ ಕೇಳಿದರೆ ಎದೆ ಝಲ್ ಎನ್ನುತ್ತದೆ.

ಇಂಥ ಕತೆ ಕೇಳಿ ‘ಹಾಗಾದರೆ ನಾಲ್ಕನೆಯ ವರ್ಷವೇ ಹೋಗೋಣ’ ಎಂದು ಹೊರಡಬೇಡಿ. ಒಂದು ಗನ್ ರನ್ನರ್‌ಗೆ ಎದುರಾಗಿ ಐದಾರು ವರ್ಷದಲ್ಲಿ ದೊಡ್ಡ ಫಾರ್ಮ್ ಬಿಟ್ಟು ಸಣ್ಣ ಫಾರ್ಮಿಗೋ ಬೇರೆ ದೇಶಕ್ಕೋ ಹೋದವರ ಪಟ್ಟಿ ಉದ್ದವಿದೆ. ಅವರಿಗೂ ಬಂದ ವರ್ಷ ಇದೇ ಹಾಡು, ಇದೇ ಆರತಿ.

ಇನ್ನು ಕುದುರೆ ನೋಡುವ ವಿಷಯ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ನಿಲ್ಲುವುದಿಲ್ಲ. ಫಾರ್ಮ್‌ಗಳು ಸೀಸನ್ನಿಗೆ ಮುಂಚೆ ಹೊಸ ಸ್ಟ್ಯಾಲಿಯನ್‌ಗಳನ್ನು ಮೆರವಣಿಗೆ ಹೊರಡಿಸುತ್ತವೆ. ಮೈ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಕುತ್ತಿಗೆ ಉಬ್ಬಿರುತ್ತದೆ, ಹಿಡಿದವನ ಶೂ ಕೂಡ ಪಾಲಿಶ್. ಎಲ್ಲರೂ ಫೋಟೋ ತೆಗೆಯುವುದು ಪಕ್ಕದಿಂದ. ನಾನು ಮುಂದೆ ಹೋಗಿ ನಿಲ್ಲುತ್ತೇನೆ. ಮೆತ್ತನೆಯ ಹುಲ್ಲಿನ ಮೇಲಲ್ಲ, ಗಟ್ಟಿ ನೆಲದ ಮೇಲೆ ನನ್ನ ಕಡೆಗೇ ನೇರವಾಗಿ ನಡೆಸಿಕೊಂಡು ಬನ್ನಿ ಎನ್ನುತ್ತೇನೆ. ಹಾಗೆಯೇ ವಾಪಸ್. ಲಗಾಮು ಸಡಿಲ ಬಿಡಿ ಎಂದೂ ಹೇಳುತ್ತೇನೆ, ತಲೆ ಎತ್ತಿ ಹಿಡಿದರೆ ನಡಿಗೆಯ ಐಬು ಮರೆಯಾಗುತ್ತದೆ.

ಕಣ್ಣು ಮೊದಲು ಮುಂಗಾಲಿನ ಮಂಡಿಗೆ. ಕೆಳಗಿನ ಕ್ಯಾನನ್ ಮೂಳೆ ಮಂಡಿಯ ನಟ್ಟನಡುವಿನಿಂದ ಇಳಿದಿದೆಯೋ, ಹೊರಗಡೆ ಜರುಗಿ ಕೂತಿದೆಯೋ? ಪಕ್ಕದಿಂದ ನೋಡಿದರೆ ಮಂಡಿ ಹಿಂದಕ್ಕೆ ಬಾಗಿದೆಯೋ? ಸ್ವಲ್ಪ ಮುಂದಕ್ಕೆ ಬಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಹಿಂದಕ್ಕಾದರೆ ಪುಸ್ತಕ ಮುಚ್ಚಿದಂತೆ. ವೇಗದಲ್ಲಿ ಇಡೀ ಭಾರ ಆ ಕೀಲಿನ ಮುಂಭಾಗದ ಸಣ್ಣ ಮೂಳೆಗಳ ಮೇಲೆ ಬೀಳುತ್ತದೆ, ಮೂಳೆಯ ಚೂರು ಸಿಡಿಯುತ್ತದೆ. ಆಮೇಲೆ ಗೊರಸಿನ ಮೇಲಿನ ಪಾಸ್ಟರ್ನ್ ಭಾಗದ ಇಳಿಜಾರು, ಗೊರಸು ಹೊರಕ್ಕೋ ಒಳಕ್ಕೋ ತಿರುಗಿರುವುದು, ಹಿಂಗಾಲು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಬೀಳುತ್ತದೆಯೇ ಎನ್ನುವುದು.

ಒಳ್ಳೆಯ ಕುದುರೆ ಐಬಿದ್ದೂ ಓಡಿರಬಹುದಲ್ಲ ಎಂದು ಕೇಳುತ್ತೀರಿ. ನಿಜ. ಓಡಿದವನ ಐಬನ್ನು ನಾನು ಅರ್ಧ ಮಾಫಿ ಮಾಡುತ್ತೇನೆ, ಅವನ ಮೈ ಅದನ್ನು ತಡೆದುಕೊಂಡಿತು. ಹೆದರಿಕೆ ಇರುವುದು ಕಾಣದ ಐಬಿನದು. ಇಂದು ಎಳೆ ಮರಿಯ ಕಾಲು ವಕ್ರವಿದ್ದರೆ ಮೂಳೆ ಬೆಳೆಯುವ ಜಾಗದ ಒಂದು ಬದಿಗೆ ಸ್ಕ್ರೂ ಹಾಕಿ ಆ ಕಡೆಯ ಬೆಳವಣಿಗೆ ತಡೆಯುತ್ತಾರೆ. ಇನ್ನೊಂದು ಬದಿ ಬೆಳೆದು ಕಾಲು ನೆಟ್ಟಗಾಗುತ್ತದೆ. ಸ್ಕ್ರೂ ತೆಗೆದ ಮೇಲೆ ಕೆಲವೊಮ್ಮೆ ಅಲ್ಲಿ ಒಂದು ಚುಕ್ಕಿ ಬಿಳಿ ಕೂದಲು ಉಳಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಮರಿಯ ಕಾಲು ಸರಿಹೋಯಿತು, ವಂಶವಾಹಿ ಹಾಗೆಯೇ ಇದೆ. ಆ ಮರಿ ದೊಡ್ಡದಾಗಿ ಸ್ಟ್ಯಾಲಿಯನ್ ಆದರೆ ಮಕ್ಕಳಿಗೆ ಕೊಡುವುದು ಸ್ಕ್ರೂ ಹಾಕುವ ಮುಂಚಿನ ಕಾಲನ್ನು. ಇದನ್ನು ಯಾವ ಬ್ರೋಷರೂ ಬರೆಯುವುದಿಲ್ಲ. ಕೇಳಿದರೆ ಕೆಲವು ಫಾರ್ಮಿನವರು ನೇರವಾಗಿ ಹೇಳುತ್ತಾರೆ. ಅಂಥವರ ಫೋನ್ ನಂಬರ್ ನಾನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಒಂದು ಕುದುರೆಯ ಮೊದಲ ಮರಿಗಳು ಹುಟ್ಟಿದ ವರ್ಷ ವೀನ್ಲಿಂಗ್ ಹರಾಜಿಗೆ ಹೋಗಿದ್ದೆ. ತಾಯಿ ಬಿಡಿಸಿದ ಆರೇಳು ತಿಂಗಳ ಮರಿಗಳು ಅವು. ಅಪ್ಪ ನೋಡಲು ಅಪ್ಪಟ ನೇರ ಕಾಲಿನವ. ಬೇರೆ ಬೇರೆ ತಾಯಂದಿರ ಮರಿಗಳನ್ನು ಒಂದಾದ ಮೇಲೊಂದು ಹೊರಗೆ ತರಿಸಿದೆ. ಮೈಬಣ್ಣ ಬೇರೆ, ಎತ್ತರ ಬೇರೆ, ಬಲ ಮಂಡಿ ಮಾತ್ರ ಎಲ್ಲರದೂ ಒಂದೇ, ಹೊರಗೆ ಜರುಗಿದ್ದು. ಪಕ್ಕದಲ್ಲಿ ಒಬ್ಬ ಪಿನ್‌ಹೂಕರ್ ನಿಂತಿದ್ದ. ವೀನ್ಲಿಂಗ್ ಕೊಂಡು, ಸಾಕಿ, ಯಿಯರ್ಲಿಂಗ್ ಆಗಿ ಮಾರಿ ಬದುಕುವವನು. ಸ್ವಂತ ದುಡ್ಡು ಹಾಕುವ ಜನ, ಅವರ ಕಣ್ಣು ಸುಳ್ಳು ಹೇಳುವುದಿಲ್ಲ. ಆತ ಕ್ಯಾಟಲಾಗ್‌ನಲ್ಲಿ ಆ ಸ್ಟ್ಯಾಲಿಯನ್ನಿನ ಮರಿಗಳ ಪುಟಗಳನ್ನೆಲ್ಲ ಒಂದೊಂದಾಗಿ ಮೂಲೆ ಮಡಿಸಿಟ್ಟಿದ್ದವನು, ಮಡಿಸಿದ್ದನ್ನು ಒಂದೊಂದಾಗಿ ಬಿಡಿಸುತ್ತಾ ಹೋದ. ಯಾವ ಅಂಕಿಅಂಶಕ್ಕಿಂತ ನನಗೆ ಅದೇ ದೊಡ್ಡ ವರದಿ. ಆ ಸ್ಟ್ಯಾಲಿಯನ್ನನ್ನು ನನ್ನ ಪಟ್ಟಿಯಿಂದ ಅಲ್ಲೇ ಹೊಡೆದುಹಾಕಿದೆ.

ಮೈಕಟ್ಟು ಆಯಿತು, ಇನ್ನು ಲೆಕ್ಕ. ಬ್ರೋಷರಿನಲ್ಲಿ ‘ಮೊದಲ ಯಿಯರ್ಲಿಂಗ್‌ಗಳ ಸರಾಸರಿ ಬೆಲೆ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಸರಾಸರಿಯನ್ನು ಮೇಲೆತ್ತಲು ಒಂದು ದುಬಾರಿ ಮರಿ ಸಾಕು. ಮಧ್ಯದ ಬೆಲೆ ಎಷ್ಟು ಎಂದು ಕೇಳಿ, ಅಂದರೆ ಅರ್ಧ ಮರಿಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ ಹೋದ ಬೆಲೆ. ಹರಾಜಿನ ರಿಂಗಿಗೆ ಬಂದ ಎಷ್ಟರಲ್ಲಿ ಎಷ್ಟು ಮಾರಾಟವಾದವು, ಎಷ್ಟನ್ನು ಮಾಲೀಕರೇ ವಾಪಸ್ ಹಿಡಿದುಕೊಂಡರು ಎಂದೂ ಕೇಳಿ. ಆಮೇಲೆ ಕೊಂಡವರ ಹೆಸರು ನೋಡಿ. ಸ್ಟ್ಯಾಲಿಯನ್ನಿನಲ್ಲಿ ಪಾಲಿರುವವರೇ ಮರಿಗಳನ್ನೂ ಕೊಳ್ಳುತ್ತಿದ್ದರೆ ಅದು ಅಪರಾಧವಲ್ಲ, ಆದರೆ ಬೆಲೆಯೂ ಅಲ್ಲ.

ದುಡ್ಡಿನ ಆಸೆಗೆ ಹರಾಜಿನ ಬೆಲೆಯನ್ನೇ ಯೋಗ್ಯತೆ ಎಂದುಕೊಳ್ಳುವವರಿಗೆ ದಿ ಗ್ರೀನ್ ಮಂಕಿ ನೆನಪಿರಲಿ. 2006ರಲ್ಲಿ 1.6 ಕೋಟಿ ಡಾಲರಿಗೆ ಮಾರಾಟವಾದ, ಮೂರು ಸಲ ಓಡಿದ, ಒಂದೂ ಗೆಲ್ಲಲಿಲ್ಲ. ಅದೇ ಸಂಡೇ ಸೈಲೆನ್ಸ್ ಯಿಯರ್ಲಿಂಗ್ ಆಗಿದ್ದಾಗ ಕೀನ್‌ಲ್ಯಾಂಡ್‌ನಲ್ಲಿ 17,000 ಡಾಲರಿನ ಆಚೆ ಯಾರೂ ಕೂಗಲಿಲ್ಲ. ಹಿಂಗಾಲು ಸರಿಯಿಲ್ಲ, ವಂಶ ಸಾಧಾರಣ. 1989ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬ್ರೀಡರ್ಸ್ ಕಪ್ ಕ್ಲಾಸಿಕ್ ಮೂರೂ ಗೆದ್ದ ಮೇಲೂ ಅಮೆರಿಕದ ಬ್ರೀಡರ್‌ಗಳು ಮುಖ ತಿರುಗಿಸಿದರು. ಜಪಾನಿಗೆ ಹೋದ. ಅಲ್ಲಿ 1995ರಿಂದ ಸತತ 13 ವರ್ಷ ಚಾಂಪಿಯನ್ ಸೈರ್, ಅಂದರೆ ಮಕ್ಕಳ ಗಳಿಕೆಯಲ್ಲಿ ಮೊದಲಿಗ. ಹಾಗಂತ ವಕ್ರಕಾಲಿನ ಪ್ರತಿ ಕುದುರೆಯೂ ಸಂಡೇ ಸೈಲೆನ್ಸ್ ಅಲ್ಲ. ಅವನ ಹೆಸರು ಹೇಳಿಕೊಂಡು ಏನೇನನ್ನೋ ಮಾರುವವರನ್ನು ಕಂಡಿದ್ದೇನೆ.

ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವುದು ಆ ಸ್ಟ್ಯಾಲಿಯನ್ನಿಗೆ ಬಂದ ಹೆಣ್ಣು ಕುದುರೆಗಳ ಪಟ್ಟಿಯ ಮುಂದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದವರು ಕುದುರೆ ಸಾಕಿದ್ದರೋ ಏನೋ. ಮೊದಲ ಸೀಸನ್ನಿಗೆ ಮಾಲೀಕರು, ಪಾಲುದಾರರು ತಮ್ಮ ಅತ್ಯುತ್ತಮ ಮೇರ್‌ಗಳನ್ನು ಕಳಿಸುತ್ತಾರೆ. ಮೂರನೆಯ ಸೀಸನ್ನಿಗೆ ಆ ಗುಣಮಟ್ಟ ಇಳಿದಿರುತ್ತದೆ. ಮೊದಲ ಬೆಳೆ ಚೆನ್ನಾಗಿ ಓಡಿದರೆ ಅದರಲ್ಲಿ ಅಪ್ಪನದೆಷ್ಟು, ಅಮ್ಮಂದಿರದೆಷ್ಟು? ಇದಕ್ಕೊಂದು ಅಳತೆ ಇದೆ. ಒಬ್ಬ ಸ್ಟ್ಯಾಲಿಯನ್ನಿನ ಮಕ್ಕಳ ಗಳಿಕೆಯನ್ನು ಒಟ್ಟು ಸರಾಸರಿಯ ಜೊತೆ ಹೋಲಿಸುವ ಸೂಚ್ಯಂಕಕ್ಕೆ ಎಇಐ ಎನ್ನುತ್ತಾರೆ, 1.00 ಎಂದರೆ ಸರಾಸರಿ. ಅವವೇ ತಾಯಂದಿರು ಬೇರೆ ಸ್ಟ್ಯಾಲಿಯನ್‌ಗಳಿಗೆ ಹಾಕಿದ ಮರಿಗಳ ಗಳಿಕೆಗೆ ಸಿಐ. ಎಇಐ 2.00 ಇದ್ದು ಸಿಐ 2.40 ಇದ್ದರೆ ಅವನು ತಾಯಂದಿರ ಮನೆಯ ಆಸ್ತಿ ಕರಗಿಸುತ್ತಿದ್ದಾನೆ ಎಂದರ್ಥ. ಎಇಐ 1.60, ಸಿಐ 1.20 ಇದ್ದವನು ನನ್ನ ಮಟ್ಟಿಗೆ ಅವನಿಗಿಂತ ಎಷ್ಟೋ ಮೇಲು.

ಇನ್‌ಟು ಮಿಸ್ಚಿಫ್ ಎಂಬ ಸ್ಟ್ಯಾಲಿಯನ್ ಬೆಳೆದದ್ದು ಹೀಗೆಯೇ. 2009ರಲ್ಲಿ ಸ್ಪೆಂಡ್‌ಥ್ರಿಫ್ಟ್ ಫಾರ್ಮಿನಲ್ಲಿ 12,500 ಡಾಲರಿಗೆ ಶುರುವಾಗಿ ಮಧ್ಯೆ 7,500ಕ್ಕೆ ಇಳಿದಿದ್ದ. ಬಂದ ಮೇರ್‌ಗಳೂ ಅದಕ್ಕೆ ತಕ್ಕವು. ಅಂಥವುಗಳಿಂದಲೇ ಒಳ್ಳೆಯ ಮಕ್ಕಳನ್ನು ತೆಗೆದ. ಒಳ್ಳೆಯ ಮೇರ್‌ಗಳು ಬರತೊಡಗಿದ ಮೇಲೆ 2019ರಿಂದ 2024ರವರೆಗೆ ಪ್ರತಿ ವರ್ಷ ಉತ್ತರ ಅಮೆರಿಕದ ಮೊದಲ ಸ್ಥಾನ ಅವನದೇ, ಫೀ ಎರಡೂವರೆ ಲಕ್ಷ ಡಾಲರ್ ತಲುಪಿತು. ಅವನ ವಂಶದ ಪುಟವೂ ಅವನು ಸ್ಟಡ್ಡಿಗೆ ಬಂದ ಮೇಲೆಯೇ ಹಿಗ್ಗಿತು. ಬ್ರೀಡರ್ಸ್ ಕಪ್ ಓಟಗಳನ್ನು ಮೂರು ಸಲ ಗೆದ್ದ ಬಿಹೋಲ್ಡರ್ ಅದೇ ತಾಯಿ ಲೆಸ್ಲೀಸ್ ಲೇಡಿಯ ಮಗಳು, ಹುಟ್ಟಿದ್ದು 2010ರಲ್ಲಿ. ಅದಕ್ಕೇ ನಾನು ಹೊಸ ಸ್ಟ್ಯಾಲಿಯನ್ನಿನ ತಾಯಿ ಇನ್ನೂ ಬದುಕಿದ್ದಾಳೆಯೇ, ಮರಿ ಹಾಕುತ್ತಿದ್ದಾಳೆಯೇ ಎಂದು ನೋಡುವುದು. ತಮ್ಮ ತಂಗಿಯರು ಗೆದ್ದರೆ ನಿಮ್ಮ ಮರಿಯ ಬೆಲೆ ಪುಕ್ಕಟೆ ಏರುತ್ತದೆ.

ಬುಕ್, ಅಂದರೆ ಒಂದು ಸೀಸನ್ನಿಗೆ ಅವನಿಗೆ ಬರುವ ಮೇರ್‌ಗಳ ಸಂಖ್ಯೆ, ಎಷ್ಟು ದೊಡ್ಡದು ಎನ್ನುವುದೂ ಮುಖ್ಯ. ಥರೋಬ್ರೆಡ್‌ಗಳ ನೋಂದಣಿ ಮಾಡುವ ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ಹುಟ್ಟಿದ ಮತ್ತು ನಂತರದ ಸ್ಟ್ಯಾಲಿಯನ್‌ಗಳಿಗೆ ವರ್ಷಕ್ಕೆ 140 ಮೇರ್ ಎಂಬ ಮಿತಿ ತಂದಿತ್ತು, 2022ರಲ್ಲಿ ಹಿಂದಕ್ಕೆ ಪಡೆಯಿತು. ಈಗ ಜನಪ್ರಿಯ ಹೊಸಬನಿಗೆ ಇನ್ನೂರರ ಹತ್ತಿರ ಹೋದರೂ ಆಶ್ಚರ್ಯವಿಲ್ಲ. ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ, ಎಲ್ಲವೂ ಸಹಜ ಕೂಡಿಕೆ. ಆ ಕುದುರೆಯ ದಣಿವಿನ ಮಾತು ಬಿಡಿ, ಒಂದೇ ಹರಾಜಿನಲ್ಲಿ ಅವನ ಐವತ್ತು ಅರವತ್ತು ಮರಿಗಳಿದ್ದರೆ ನಿಮ್ಮದು ಅವುಗಳಲ್ಲಿ ಮೊದಲ ಹತ್ತರೊಳಗಿರಬೇಕು. ಸಾಧಾರಣ ಮೇರ್ ಇರುವವರಿಗೆ ಇದು ಕಷ್ಟದ ಮಾತು. ಅಂಥವರಿಗೆ ನೂರರ ಒಳಗಿನ ಬುಕ್ ಇರುವ, ಎರಡು ವರ್ಷದ ವಯಸ್ಸಿನಲ್ಲೇ ಗ್ರೇಡ್ ರೇಸ್ (ಮೇಲ್ದರ್ಜೆಯ ಓಟ) ಗೆದ್ದ ಹೊಸಬನನ್ನು ಹುಡುಕಿ ಕೊಡುತ್ತೇನೆ.

ನಿಕ್ ರೇಟಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಈ ಅಪ್ಪನ ವಂಶ, ಆ ತಾಯಿಯ ಅಪ್ಪನ ವಂಶ ಸೇರಿದರೆ ‘ಎ ಪ್ಲಸ್’ ಎಂದು ಕಂಪ್ಯೂಟರ್ ಕೊಡುವ ಅಂಕ. ಹೊಸ ಸ್ಟ್ಯಾಲಿಯನ್ನಿಗೆ ಅದು ಅವನ ಅಪ್ಪನ ಲೆಕ್ಕದಿಂದ ಎರವಲು ತಂದ ಅಂಕ. ಮಾರುವಾಗ ಕ್ಯಾಟಲಾಗ್‌ನಲ್ಲಿ ಬರೆದುಕೊಳ್ಳಲು ಚೆನ್ನ. ವಂಶವಾಹಿ ಪರೀಕ್ಷೆಗೆ ಸ್ವಲ್ಪ ಹೆಚ್ಚು ಮರ್ಯಾದೆ ಕೊಡುತ್ತೇನೆ. ಡಬ್ಲಿನ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಮಯೋಸ್ಟಾಟಿನ್ ಜೀನಿನ ವಿಷಯ: ಸಿ-ಸಿ ಇದ್ದರೆ ಕಡಿಮೆ ದೂರದ ವೇಗ, ಟಿ-ಟಿ ಇದ್ದರೆ ದೂರದ ಓಟ, ಸಿ-ಟಿ ನಡುವೆ. ಯಾವ ದೂರಕ್ಕೆ ಎಂದು ಅದು ಹೇಳುತ್ತದೆ. ಎಷ್ಟು ಚೆನ್ನಾಗಿ ಎಂದು ಹೇಳುವುದಿಲ್ಲ.

ಫಲವಂತಿಕೆಯನ್ನು ಮರೆಯುವವರೇ ಹೆಚ್ಚು. ಸತತ 16 ಓಟ ಗೆದ್ದ ಸಿಗಾರ್ ಸ್ಟಡ್ಡಿಗೆ ಬಂದ ಮೇಲೆ ಒಂದೇ ಒಂದು ಮರಿಯನ್ನೂ ಕೊಡಲಿಲ್ಲ. ಹಾಗಾಗಿ ಒಳ್ಳೆಯ ಫಾರ್ಮ್‌ಗಳು ಹೊಸ ಸ್ಟ್ಯಾಲಿಯನ್ನನ್ನು ಸೀಸನ್ನಿಗೆ ಮುಂಚೆ ಬೇರೆ ತಳಿಯ ಹೆಣ್ಣುಗಳಿಗೆ ಕೂಡಿಸಿ ಗಬ್ಬ ನಿಂತದ್ದನ್ನು ನೋಡಿಯೇ ಬುಕಿಂಗ್ ಖಚಿತ ಮಾಡುತ್ತವೆ. ಎಷ್ಟು ಹೆಣ್ಣುಗಳಲ್ಲಿ ಎಷ್ಟು ನಿಂತವು ಎಂದು ಫೋನಿನಲ್ಲೇ ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಂಕ ಕೊಡಲೇಬೇಕೆಂದರೆ, ಮಾರುವವರಿಗೆ ಮೊದಲ ಸೀಸನ್ ಐದಕ್ಕೆ ನಾಲ್ಕು, ಎರಡನೆಯದಕ್ಕೆ ಎರಡು. ಮೂರು-ನಾಲ್ಕನೆಯದು ಕಳಕೊಂಡರೂ ನಿದ್ದೆ ಬರುವವರಿಗೆ ಮಾತ್ರ. ತಾವೇ ಓಡಿಸುವವರಿಗೆ ಮೊದಲ ಸೀಸನ್ ಎರಡಕ್ಕಿಂತ ಮೇಲೆ ಕೊಡಲಾರೆ. ಅದೇ ದುಡ್ಡಿಗೆ ಏಳೆಂಟು ಬೆಳೆ ಓಡಿ, ಫ್ಯಾಷನ್ ಕಳಕೊಂಡು, ಆದರೂ ಮಕ್ಕಳು ಗೆಲ್ಲುತ್ತಲೇ ಇರುವ ಹಳಬ ಸಿಗುತ್ತಾನೆ. ನನ್ನ ಗಿರಾಕಿಗಳಿಗೆ ಅವನ ಹೆಸರು ಹೇಳಿದರೆ ಮುಖ ಸಣ್ಣಗಾಗುತ್ತದೆ, ಮದುವೆಗೆ ವಯಸ್ಸಾದ ವರನನ್ನು ತೋರಿಸಿದ ಹಾಗೆ.

ಕರಾರಿನಲ್ಲಿ ಎರಡು ಸಾಲು ನೋಡಿ. ‘ಲೈವ್ ಫೋಲ್’ ಇದ್ದರೆ ಮರಿ ಹುಟ್ಟಿ, ಎದ್ದು ನಿಂತು, ಹಾಲು ಕುಡಿದ ಮೇಲೇ ಫೀ. ‘ನೋ ಗ್ಯಾರಂಟಿ’ ಎಂದಿದ್ದರೆ ರಿಯಾಯಿತಿ ಎಷ್ಟೇ ಇರಲಿ, ವಯಸ್ಸಾದ ಮೇರ್‌ಗೆ ಬೇಡ. ಎರಡು ವರ್ಷ ಮೇರ್ ಕಳಿಸಿದರೆ ಆಜೀವ ಹಕ್ಕು ಕೊಡುವ ಯೋಜನೆ ಇದೆಯೇ ಎಂದೂ ಕೇಳಿ. ಇನ್‌ಟು ಮಿಸ್ಚಿಫ್ ಅಗ್ಗವಾಗಿದ್ದಾಗ ಹಾಗೆ ಹಕ್ಕು ಪಡೆದವರು ಇಂದಿಗೂ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ. ಇನ್ನು ನಿಮ್ಮ ಮೇರ್ ಮೇ ತಿಂಗಳಲ್ಲಿ ಮರಿ ಹಾಕುವವಳಾದರೆ ಹೊಸಬನ ದುಬಾರಿ ಫೀ ಈ ವರ್ಷ ಬೇಡ. ಜನವರಿ 1ರ ಹುಟ್ಟುಹಬ್ಬದ ಲೆಕ್ಕದಲ್ಲಿ ತಡವಾಗಿ ಹುಟ್ಟಿದ ಮರಿ ಹರಾಜಿನ ದಿನ ಫೆಬ್ರವರಿಯ ಮರಿಗಳ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ಒಂದು ವರ್ಷ ಖಾಲಿ ಬಿಟ್ಟು, ಮುಂದಿನ ಫೆಬ್ರವರಿ ಮಧ್ಯಕ್ಕೆ ಸೀಸನ್ ತೆರೆದ ವಾರವೇ ಕಳಿಸಿ. ಬುಕಿಂಗ್‌ಗೆ ನವೆಂಬರಿನಲ್ಲೇ ಫೋನ್ ಮಾಡಿ, ಆಗ ಫಾರ್ಮಿನವರಿಗೆ ಒಳ್ಳೆಯ ತಾಯಂದಿರು ಬೇಕಿರುತ್ತಾರೆ. ಪಟ್ಟಿಯಲ್ಲಿರುವ ಫೀ ಕೊನೆಯ ಮಾತಲ್ಲ, ನಿಮ್ಮ ಮೇರ್‌ನ ವಂಶದ ಪುಟ ಮೊದಲು ಕಳಿಸಿ, ಆಮೇಲೆ ಬೆಲೆ ಕೇಳಿ.